ದಾಖಲೆಯೊಳಗಿನ ಅಪ್ಪ

ಓಬಳಮ್ಮನ ಮುತ್ತಾತ ಪೆದ್ದೋಬಳಪ್ಪ ಅನಂತಪುರದ ಸೀಮೆಯಿಂದ ಹೆಗಲ ಮೇಲೆ ಹಾರೆ ಹೊತ್ತು, ಹೆಂಡತಿಯ ತಲೆಯ ಮೇಲೆ ಗಡಿಗೆ ಹೊರಿಸಿ, ಕನ್ನಂಬಾಡಿ ಕಟ್ಟೆಯ ಕೆಲಸಕ್ಕೆ ಬಂದವನು. ಎಂಟಾಳು ಎತ್ತುವ ಕಲ್ಲನ್ನು ನಾಲ್ಕಾಳಿನಲ್ಲಿ ಎತ್ತಿಸುತ್ತಿದ್ದ ಎಂದು ಬೆಳಗೊಳದ ಮುದುಕರು ಹೇಳುತ್ತಿದ್ದರು. ಬಂಡೆ ಜಾರಿ ಬಲಗೈಯ ಮೂರು ಬೆರಳು ಹೋದ ಮೇಲೂ ಉಳಿದೆರಡರಲ್ಲಿ ಹಗ್ಗ ಹಿಡಿದು ಕೆಲಸಕ್ಕೆ ನಿಂತವನು ಅವನು. ಅವನ ಮಗ ಗಂಗಪ್ಪ ನಾಲೆ ತೋಡಿದ, ಹುಲಿಕೆರೆ ಸುರಂಗದ ಕತ್ತಲೊಳಗೆ ಬಂಡೆಗೆ ಮದ್ದು ತುಂಬಿದ. ನಾಲೆಯಲ್ಲಿ ನೀರು ಬಂತು, ಬಯಲೆಲ್ಲ ಕಬ್ಬು ಬತ್ತ ಆಯಿತು, ಗಂಗಪ್ಪನಿಗೆ ಗೇಣು ನೆಲ ಆಗಲಿಲ್ಲ. ಅವನ ಮಗ ತಿಪ್ಪಯ್ಯ, ಓಬಳಮ್ಮನ ಅಪ್ಪ. ಬಾವಿ ತೋಡುವವನು, ಮೈಲಿಗಲ್ಲು ಕೆತ್ತುವವನು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ, ಅತ್ತ ಕೆ.ಆರ್. ಪೇಟೆಯವರೆಗೆ, ದಾರಿಯ ಬದಿಯಲ್ಲಿ ನಿಂತ ಎಷ್ಟೋ ಕಲ್ಲುಗಳು ಅವನ ಉಳಿಯ ಕೆಳಗಿನಿಂದ ಎದ್ದುಬಂದವು.

ಇಂಥ ಮನೆತನದ ಹುಡುಗಿ ಇವತ್ತು ಮೇಲುಕೋಟೆ ರಸ್ತೆಯ ಬದಿಯಲ್ಲಿ ಕುಳಿತು ಜಲ್ಲಿ ಒಡೆಯುತ್ತಾಳೆ. ಹತ್ತನೇ ತರಗತಿಯವರೆಗೆ ಓದಿದ್ದಾಳೆ, ಪರೀಕ್ಷೆ ಬರೆದಿಲ್ಲ. ಓದು ತಲೆಗೆ ಹತ್ತಲಿಲ್ಲ ಎನ್ನುವವರಿದ್ದಾರೆ, ಸೊಕ್ಕು ಎನ್ನುವವರೂ ಇದ್ದಾರೆ. ನಡೆದದ್ದು ಬೇರೆ.

ತಿಪ್ಪಯ್ಯನಿಗೆ ಅಕ್ಷರ ಬಾರದು. ಓವರ್ಸಿಯರು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟರೆ ಆ ಗೆರೆಯ ಮೇಲೆ ಉಳಿ ನಡೆಸುವುದು ಅವನ ಕಸುಬು. ಎಂಬತ್ತೈದನೇ ಇಸವಿಯಲ್ಲಿ ಮೇಲುಕೋಟೆ ರಸ್ತೆಗೆ ಕಲ್ಲು ನೆಡುವಾಗ ಎಂಟರ ಕಲ್ಲನ್ನು ಹನ್ನೊಂದರ ಗುಂಡಿಗೂ ಹನ್ನೊಂದರದನ್ನು ಎಂಟರ ಗುಂಡಿಗೂ ಇಳಿಸಿಬಿಟ್ಟ.

"ಲೇ ತಿಪ್ಪ, ನಿನ್ ಕಲ್ಲು ನೋಡ್ಕಂಡು ನಡುದ್ರೆ ಮೇಲುಕೋಟೆ ಇಂದಿಂದಕ್ಕೆ ಓಡ್ತದಲ್ಲಲಾ!" ಎಂದು ಕಂಟ್ರಾಕ್ಟರು ಎಲ್ಲರ ಮುಂದೆ ಹೊಟ್ಟೆ ಹಿಡಿದು ನಕ್ಕ. ತಿಪ್ಪಯ್ಯ ಎರಡೂ ಕಲ್ಲು ಕಿತ್ತು, ಗಾಡಿಗೆ ಹೇರಿ, ಮತ್ತೆ ನೆಟ್ಟು ಬಂದ. ಬಂದವನು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಮಗೀನ ಇಸ್ಕೂಲಿಗೆ ಆಕ್ಬೇಕು."

ಆಗ ಅವರ ಗುಡಿಸಲು ಕ್ಯಾತನಹಳ್ಳಿಯ ಆಚೆಗಿರುವ ಜಾಲಿಬಾರೆ ಎಂಬ ಸಣ್ಣ ಊರಿನಲ್ಲಿ, ನಾಲೆಯ ಏರಿಯ ಮೇಲಿತ್ತು. ಆ ಊರಿನ ಪುಟ್ಟಸ್ವಾಮಿ ಗೌಡರ ಬಾವಿಯಲ್ಲಿ ಹಾಸುಬಂಡೆ ಅಡ್ಡ ಬಂದು ಎಲ್ಲರೂ ಕೈಬಿಟ್ಟಿದ್ದಾಗ ತಿಪ್ಪಯ್ಯ ಬಂಡೆ ಸೀಳಿ ನೀರು ಬರಿಸಿದ್ದ. ಆ ಋಣಕ್ಕೆ ಗೌಡರೇ ಅಪ್ಪ ಮಗಳನ್ನು ಶಾಲೆಗೆ ಕರೆದುಕೊಂಡು ಹೋದರು.

"ಯಾವೂರಯ್ಯ ನಿಂದು?" ಎಂದು ಶಿವಲಿಂಗಯ್ಯ ಮೇಷ್ಟ್ರು ಕೇಳಿದರು.

"ಇದೇ ಊರು ಬುದ್ದಿ."

"ಇದೇ ಊರಾ? ಎಲ್ಲಿ, ಮನೆ ನಂಬರೇಳು."

ತಿಪ್ಪಯ್ಯ ನಾಲೆಯ ಏರಿಯತ್ತ ಕೈ ತೋರಿಸಿದ. ಮೇಷ್ಟ್ರು ಗೌಡರತ್ತ ತಿರುಗಿದರು. "ಇವ್ರದ್ದು ಬರ್ಕತೀವಿ, ಮೂರು ತಿಂಗ್ಳಿಗೆ ಗುಡ್ಲು ಕಿತ್ಕಂಡು ಓಯ್ತಾರೆ. ಎಸ್ರು ಒಡೆದಾಕದೇ ನಮ್ಗೆ ಕೆಲ್ಸ. ಊರಲ್ಲಿ ನೆಲೆ ಇರೋ ತಂದೆ ಬೇಕು ಗೌಡ್ರೆ."

"ಅಷ್ಟೇ ತಾನೆ? ನನ್ನೆಸ್ರೇ ಬರ್ಕಳಿ. ಬರ್ದ್ರೆ ಸವೆದೋಯ್ತದಾ?"

ಎಲ್ಲರೂ ನಕ್ಕರು. ತಿಪ್ಪಯ್ಯನೂ ನಕ್ಕು ಕೈಮುಗಿದ. ಹುಡುಗಿಯ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ವಯಸ್ಸು ಆಯಿತೆಂದು ನೋಡಿದರು. ಹುಟ್ಟಿದ ದಿನ ಜೂನ್ ಒಂದು. ತಂದೆ, ಪುಟ್ಟಸ್ವಾಮಿ. ಅದೊಂದು ತಪ್ಪು ಎಂದು ಅಲ್ಲಿದ್ದ ಒಬ್ಬರಿಗೂ ಅನ್ನಿಸಲಿಲ್ಲ. ಪುಣ್ಯದ ಕೆಲಸ ಎಂದೇ ಅನ್ನಿಸಿತು.

ಅಪ್ಪ ಅಮ್ಮ ಕೆಲಸದ ಹಿಂದೆ ತಿಂಗಳುಗಟ್ಟಲೆ ಹೋಗುತ್ತಿದ್ದರು. ಓಬಳಮ್ಮ ಮಾತ್ರ ಅಜ್ಜಿಯ ಜೊತೆ ಏರಿಯ ಮೇಲೆಯೇ ಉಳಿದಳು. ಬೆಳಿಗ್ಗೆ ಗೌಡರ ಕೊಟ್ಟಿಗೆಯ ಸಗಣಿ ಬಾಚಿ, ನಾಲೆಯಲ್ಲಿ ಕೈಕಾಲು ತೊಳೆದು ಶಾಲೆಗೆ ಓಡುತ್ತಿದ್ದಳು. ಗೌಡರ ಮಗ ಶಿವಶಂಕರ ತಾನು ಓದಿ ಬಿಟ್ಟ ಪುಸ್ತಕ ಕೊಡುತ್ತಿದ್ದ. ಅವಳು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ಶಾಲೆಯ ಹುಡುಗರಿಗೆ ಇದು ಸಿಕ್ಕಿದ್ದೇ ಸಾಕಾಯಿತು.

"ಗೌಡ್ರ ಮಗ್ಳು ಬಂದ್ಲು, ದಾರಿ ಬುಡ್ರಲಾ! ಸಗಣಿ ವಾಸ್ನೆ ಮುಂದಾಗೇ ಬತ್ತಾ ಅದೆ!"

ಅವಳು ತಲೆ ತಗ್ಗಿಸಿ ಹೋಗಿ ಮೊದಲ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಟೀಚರ್ ಆಗಬೇಕೆಂಬ ಆಸೆ ಆಗಲೇ ಬೇರು ಬಿಟ್ಟಿತ್ತು.

ಊರಿಗೆ ಹೈಸ್ಕೂಲು ಬಂದಾಗ ಜಾಗ ಕೊಟ್ಟವರು ಗೌಡರು, ಅಡಿಪಾಯದ ಕಲ್ಲು ಒಡೆದವನು ತಿಪ್ಪಯ್ಯ. ದಾನಿಗಳ ಕಲ್ಲಿನ ಮೇಲೆ ಈ ಸಲ ಸೀಮೆಸುಣ್ಣದಲ್ಲಿ ಬರೆದವಳು ಮಗಳು, ಕೆತ್ತಿದವನು ಅಪ್ಪ. ಕೆತ್ತಿ ಮುಗಿಸಿ ದೂಳು ಊದಿ ತಿಪ್ಪಯ್ಯ ಕೇಳಿದ, "ಇದ್ರಾಗೆ ನನ್ನೆಸ್ರು ಎಲ್ಲಾರ ಅದಾ ಮಗ?"

"ಇಲ್ಲ ಕಣಪ್ಪ."

"ಕೆತ್ದೋನೆಸ್ರ ಯಾರ್ ಆಕಾರು, ಬುಡು."

ತೊಂಬತ್ತಮೂರರಲ್ಲಿ ಗೌಡರು ತೀರಿಕೊಂಡರು. ಮರುವರ್ಷ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲು ಎಂಬ ಕಾನೂನು ಬಂತು. ಶಿವಶಂಕರ ಮೊದಲು ಮಾಡಿದ ಕೆಲಸವೆಂದರೆ ಒಡಹುಟ್ಟಿದ ತಂಗಿ ಅರ್ಪಿತಳಿಗೆ ಒಂದು ಸೀರೆ ಉಡಿಸಿ, ಪಾಲು ಬೇಡವೆಂದು ಸೈನು ಹಾಕಿಸಿಕೊಂಡದ್ದು. ಅದಾದ ಮೇಲೆ ಯಾರೋ ಅವನ ಕಿವಿಯಲ್ಲಿ ಊದಿದರು: ಇನ್ನೊಬ್ಬಳಿದ್ದಾಳೆ, ಶಾಲೆಯ ದಾಖಲೆಯಲ್ಲಿ.

ತೊಂಬತ್ತೈದರ ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ ಅವನು ಹೈಸ್ಕೂಲಿಗೆ ಬಂದ. ಹೆಡ್ಮೇಷ್ಟ್ರು ದಾಸಯ್ಯನವರು ಓಬಳಮ್ಮನನ್ನು ಕರೆಸಿದರು.

"ನಮ್ಮಪ್ಪನೆಸ್ರು ಇವ್ಳ ಅರ್ಜೀಲಿ ಯಾಕಿರ್ಬೇಕು ಮೇಷ್ಟ್ರೆ? ನಾಳೆ ಇವ್ಳ ಕಟ್ಕಳೋನು ಆ ಮಾರ್ಕ್ಸ್ ಕಾರ್ಡು ಇಡ್ಕಂಡು ಬಂದು ನಮ್ ಗದ್ದೇಲಿ ನಿಂತ್ಕಂಡ್ರೆ?" ಎಂದ ಶಿವಶಂಕರ.

"ನಿಮ್ ಗದ್ದೆ ನಂಗ್ಯಾಕಣ್ಣ?"

"ಅಣ್ಣ ಗಿಣ್ಣ ಅನ್ಬೇಡ ಮೊದ್ಲು."

ಹತ್ತು ವರ್ಷ ಕರೆದ ಆ ಮಾತು ಅಂದಿಗೆ ನಿಂತಿತು. ದಾಸಯ್ಯನವರು ಕೆಟ್ಟವರಲ್ಲ. ತಕರಾರು ಬಂದ ಅರ್ಜಿಯನ್ನು ಹಾಗೇ ಕಳಿಸಲಾಗದು, ತಂದೆಯ ಹೆಸರು ತಿದ್ದಬೇಕಾದರೆ ಪುರಾವೆ ತನ್ನಿ, ಕೊನೆಯ ದಿನಕ್ಕೆ ಇನ್ನು ಮೂರು ವಾರ ಇದೆ ಎಂದರು.

ತಿಪ್ಪಯ್ಯ ಉಳಿ ಸುತ್ತಿಗೆ ಕೆಳಗಿಟ್ಟು ಕಚೇರಿ ಕಚೇರಿ ಅಲೆದ. ಒಬ್ಬರು ಪಡಿತರ ಚೀಟಿ ಕೇಳಿದರು. ಪಡಿತರ ಚೀಟಿಗೆ ಹೋದರೆ ಮನೆ ನಂಬರು. ಮನೆ ನಂಬರಿಗೆ ಹೋದರೆ, ನಾಲೆಯ ಏರಿ ಸರ್ಕಾರದ್ದು, ಅಲ್ಲಿನ ಗುಡಿಸಲಿಗೆ ನಂಬರಿಲ್ಲ. ಏರಿಗೆ ಮಣ್ಣು ಹೊತ್ತವನು ನಮ್ಮಪ್ಪ ಎಂದು ತಿಪ್ಪಯ್ಯ ಹೇಳಿದ. ಹೊತ್ತಿದ್ದಕ್ಕೆ ಕೂಲಿ ಕೊಟ್ಟಿಲ್ಲವೇ ಎಂದು ಕೇಳಿದರು. ಒಬ್ಬ ಗುಮಾಸ್ತನಂತೂ ಎಲೆ ಅಡಿಕೆ ಜಗಿಯುತ್ತ, "ಇವ್ಳಪ್ಪ ನೀನೇ ಅನ್ನಾಕೆ ಏನಯ್ಯ ಸಾಕ್ಷಿ?" ಎಂದ.

"ಅವ್ಳನ್ನೇ ಕೇಳಿ ಬುದ್ದಿ, ಇಲ್ಲೇ ನಿಂತವ್ಳೆ."

ಕಚೇರಿಯೆಲ್ಲ ಗೊಳ್ಳೆಂದಿತು. ಮೈಲಿಗಲ್ಲಿನ ದಿನ ನಕ್ಕಂತೆಯೇ ನಕ್ಕರು. ಈ ಸಲ ಕಿತ್ತು ಸರಿಯಾಗಿ ನೆಡಲು ತಿಪ್ಪಯ್ಯನ ಕೈಯಲ್ಲಿ ಏನೂ ಇರಲಿಲ್ಲ.

ಕೊನೆಯ ದಿನಕ್ಕೆ ಒಂದು ದಿನ ಮುಂಚೆ ಶಿವಶಂಕರ ಶ್ರೀರಂಗಪಟ್ಟಣದ ವಕೀಲರಿಂದ ಛಾಪಾ ಕಾಗದ ಬರೆಸಿ ತಂದ. ಅದರಲ್ಲಿ ಬರೆದದ್ದು ಇಷ್ಟು: ಓಬಳಮ್ಮ ತಂದೆ ತಾಯಿ ಯಾರೆಂದು ತಿಳಿಯದ ಅನಾಥೆ. ದಿವಂಗತ ಪುಟ್ಟಸ್ವಾಮಿಯವರು ಧರ್ಮಕ್ಕೆ ಹೆಸರು ಕೊಟ್ಟು ಓದಿಸಿದರು. ಆಸ್ತಿಯಲ್ಲಿ ಅವಳಿಗೆ ಹಕ್ಕಿಲ್ಲ. ಬರೀ ಹಕ್ಕಿಲ್ಲವೆಂದು ಬರೆದರೆ ಸಾಲದೇ ಎಂದು ದಾಸಯ್ಯನವರು ಕೇಳಿದರು. ಸಾಲದು, ಮಗಳೆಂದು ದಾಖಲೆಯಿರುವವಳು ಇವತ್ತು ಬೇಡವೆಂದು ನಾಳೆ ಬೇಕೆನ್ನಬಹುದು, ಅವಳು ಯಾರ ಮಗಳೋ ಗೊತ್ತಿಲ್ಲ ಎಂದೇ ಆಗಬೇಕೆಂದು ವಕೀಲರು ಹೇಳಿದ್ದಾರೆ ಎಂದ ಶಿವಶಂಕರ. ಸೈನು ಹಾಕಿದರೆ ತನ್ನ ತಕರಾರಿಲ್ಲ, ಪಾಸಾದರೆ ಟೀಚರ್ ಟ್ರೈನಿಂಗಿಗೂ ತಾನೇ ಸೇರಿಸುತ್ತೇನೆ ಎಂದೂ ಸೇರಿಸಿದ. ಸುಳ್ಳು ಹೇಳುತ್ತಿದ್ದವನಂತೆ ಕಾಣಲಿಲ್ಲ. ಸೇರಿಸಿಯೂ ಸೇರಿಸುತ್ತಿದ್ದನೇನೋ.

ಓಬಳಮ್ಮ ಕಾಗದವನ್ನು ಗುಡಿಸಲಿಗೆ ತಂದು ಅಪ್ಪನಿಗೆ ಓದಿ ಹೇಳಿದಳು. ತಿಪ್ಪಯ್ಯ ಕೇಳಿಸಿಕೊಂಡು ಬೀಡಿ ಹಚ್ಚಿದ.

"ಆಕ್ಬುಡು ಮಗ," ಎಂದ. "ನನ್ನೆಸ್ರು ಯಾವ ಕಲ್ಲ ಮ್ಯಾಲಿತ್ತು, ಈಗ ಓಗಾಕೆ? ನಾ ಸತ್ತೆ ಅಂತ ತಿಳ್ಕ. ನೀನು ಕುರ್ಚಿ ಮ್ಯಾಲೆ ಕುಂತಿದ್ನ ದೂರ್ದಿಂದ ನೋಡ್ಕಂಡು ಓಯ್ತೀನಿ."

ಮಾರನೆಯ ದಿನ ಇಬ್ಬರೂ ಶಾಲೆಗೆ ಹೋದರು. ತಿಪ್ಪಯ್ಯ ಬಾಗಿಲಾಚೆ, ತಾನೇ ಕಡೆದು ಕೂರಿಸಿದ ಮೆಟ್ಟಿಲ ಮೇಲೆ ನಿಂತ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ದಾಸಯ್ಯನವರು ಅರ್ಜಿ ಬಿಡಿಸಿ ಇಟ್ಟುಕೊಂಡಿದ್ದರು. ಪರೀಕ್ಷೆಯ ಫೀಸನ್ನೂ ತಾವೇ ಕಟ್ಟಿದ್ದರು. ಶಿವಶಂಕರ ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದಿಟ್ಟ.

"ಬರೀ ಕಾಗ್ದ ಕಣಮ್ಮ ಇದು," ಎಂದರು ದಾಸಯ್ಯನವರು. "ನಿಮ್ಮಪ್ಪ ಎಲ್ಲಿಗೂ ಓಗಾಕಿಲ್ಲ. ಅತ್ತು ವರ್ಸ ಓದಿದೀಯ. ಒಂದು ಸೈನು. ಆಕ್ಬುಡವ್ವ."

ಓಬಳಮ್ಮ ಪೆನ್ನಿನ ಮುಚ್ಚಳವನ್ನು ತಿರುಗಿ ಹಾಕಿದಳು. ಛಾಪಾ ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟಳು.

"ಬ್ಯಾಡಿ ಸಾ. ಗದ್ದೆ ಬ್ಯಾಡ ಅಂತ ಬರುಸ್ಕಳಿ, ನೂರು ಕಡೆ ಆಕ್ತೀನಿ. ಅಪ್ಪ ಇಲ್ಲ ಅಂತ ಆಕಾಕಿಲ್ಲ. ಅಗೋ, ಬಾಗ್ಲಾಗೆ ನಿಂತವ್ನೆ, ಕಾಲ್ಗೆ ಎಕ್ಕಡ ಇಲ್ದಲೆ. ನೀವು ಕಲ್ಸಿದ ಅಕ್ಸರದಾಗೇ ಅವನ್ನ ಒಡೆದಾಕು ಅಂದ್ರೆ, ಆ ಅಕ್ಸರ ನಿಮ್ತಾವೇ ಇರ್ಲಿ. ನೀವು ಕಟ್ಟಿದ ಫೀಸು ಇನ್ಯಾರಿಗಾರ ಆಗ್ಲಿ ಸಾ, ನಂಗೆ ಬ್ಯಾಡ. ನಡಿಯಪ್ಪ, ಒತ್ತಾಯ್ತು."