ಸೀಟಕ್ಕ ಹೆಸರು ಕರೆದ ಹಬ್ಬ

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಸೀಟಕ್ಕ ಅನ್ನುತ್ತಾರೆ. ಹರಿದ ಸೀಟುಗಳನ್ನು ಹೊಲಿಯುವುದು ಅವಳ ಕೆಲಸ. ಬ್ಲೇಡಿನಲ್ಲಿ ಸೀಳಿದ ರೆಕ್ಸಿನ್ನು, ಕಿತ್ತು ತೆಗೆದ ಸ್ಪಂಜು, ಅಂಟಿಸಿ ಹೋದ ಚೂಯಿಂಗ್ ಗಮ್ಮು, ಇವನ್ನೆಲ್ಲ ನೋಡಿ ನೋಡಿ ಮನುಷ್ಯರ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯ ಉಳಿದಿಲ್ಲ. ಕೂತ ಜಾಗವನ್ನೇ ಸೀಳುವವರಿಗೆ ಏನನ್ನಬೇಕು? ಅನ್ನಬೇಕಾದದ್ದನ್ನು ಅವಳು ಅಂದೇ ತೀರುತ್ತಾಳೆ, ದಪ್ಪ ಸೂಜಿಯನ್ನು ಚುಚ್ಚುತ್ತ, ಹೊಲಿಗೆಗೊಂದರಂತೆ. ಸೀಟಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಡಿಪೋದ ಗಂಡಸರು ನಗುತ್ತಾರೆ. ಅವರಿಗೇನು, ತಮ್ಮ ಕೋಪವನ್ನು ಮನೆಗೊಯ್ದು ಹೆಂಡತಿಯ ಮೇಲೆ ಹಾಕಿ ಬರುತ್ತಾರೆ.

ಹಬ್ಬದ ದಿನ ಅರ್ಧ ದಿನ ರಜೆ. ಅವಳು ಸೂಜಿ ದಾರ ಎತ್ತಿಡುತ್ತಿದ್ದಾಗ ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತ ಬಂದ.

"ಹಬ್ಬಕ್ಕೆ ತವರಿಗೆ ಹೋಗಲ್ವಾ ಸೀಟಕ್ಕ?"

"ಹೋಗೋ ಬಸ್ಸಿನ ಸೀಟೇ ಹರಿದಿದೆಯಪ್ಪ. ಹೊಲಿದಾದ ಮೇಲೆ ಹೋಗ್ತೀನಿ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ತವರಿನ ಬಾಗಿಲು ಮುಚ್ಚಿ ಮೂರು ಹಬ್ಬ ಕಳೆದಿತ್ತು. ಗಂಡ ಕುಡಿದು ಬಂದು ಮಗಳ ಕೈ ತಿರುಚಿದ ದಿನ ಅವಳು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಅಣ್ಣನ ಮನೆಗೆ ಬಂದಿದ್ದಳು. ಊದಿದ ಕೈಯನ್ನು ಅಣ್ಣ ನೋಡಿದ. ನೋಡಿ, ಎಲ್ಲಾ ಮನೆಯಲ್ಲೂ ಇರುವುದೇ, ವಾಪಸ್ಸು ಹೋಗು ಅಂದ. ಹೋಗುವುದಿಲ್ಲ ಎಂದು ಇವಳು ಕಡ್ಡಿ ತುಂಡು ಮಾಡಿದಂತೆ ಹೇಳಿದಳು. ಹಾಗಾದರೆ ಗಂಡನ ಜೊತೆ ಬರುವ ತನಕ ಈ ಮನೆಯ ಮೆಟ್ಟಿಲು ಹತ್ತಬೇಡ ಎಂದ. ಕೈ ತಿರುಚಿದ ಗಂಡಸಿನ ಮೇಲೆ ಬರದ ಸಿಟ್ಟು, ಆ ಕೈಯನ್ನು ಬಿಡಿಸಿಕೊಂಡು ಬಂದ ಹೆಂಗಸಿನ ಮೇಲೆ ಬಂತು ಅವನಿಗೆ. ಅವಳು ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದಳು.

ಅವಳ ತವರಿನಲ್ಲಿ ಹಬ್ಬದ ಸಂಜೆಗೆ ಒಂದು ಪದ್ಧತಿ ಇದೆ. ಬೇರೆ ಯಾರ ಮನೆಯಲ್ಲೂ ಅವಳು ಅದನ್ನು ಕಂಡಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಮನೆಯ ಹಿರಿಯ ದೀಪದ ಮುಂದೆ ನಿಂತು ಒಬ್ಬೊಬ್ಬರ ಹೆಸರು ಕರೆಯುತ್ತಾನೆ. ಕರೆಸಿಕೊಂಡವರು "ಇದ್ದೇನೆ" ಅನ್ನಬೇಕು. ಎಲ್ಲರದೂ ಆದ ಮೇಲೆಯೇ ಊಟ. ಸತ್ತವರ ಹೆಸರನ್ನು ಮಾತ್ರ ಕರೆಯುವುದಿಲ್ಲ. ಅಪ್ಪ ತೀರಿಕೊಂಡ ವರ್ಷ ಹಿರಿಯನ ಜಾಗದಲ್ಲಿ ಅಣ್ಣ ನಿಂತಿದ್ದ, ಎಲ್ಲರ ಹೆಸರೂ ಬಂತು, ಅಪ್ಪನದು ಬರಲಿಲ್ಲ. ಅಪ್ಪ ಇನ್ನಿಲ್ಲವೆಂದು ಅವಳಿಗೆ ನಿಜವಾಗಿ ತಿಳಿದದ್ದು ಆವತ್ತೇ.

ಮೂರು ಹಬ್ಬಗಳಿಂದ ಅಣ್ಣ ಅವಳ ಹೆಸರನ್ನೂ ಅವಳ ಮಕ್ಕಳ ಹೆಸರನ್ನೂ ಕರೆದಿರಲಿಲ್ಲ. ತನ್ನದನ್ನು ಹೇಗೋ ನುಂಗಿಕೊಂಡಿದ್ದಳು. ಬೆಳೆಯುತ್ತಿರುವ ಮಕ್ಕಳನ್ನು ಸತ್ತವರ ಸಾಲಿಗೆ ತಳ್ಳಿದ್ದು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೆನೆದಾಗಲೆಲ್ಲ ಮೈ ಉರಿಯುತ್ತಿತ್ತು.

ಈ ಸಲ ಹಬ್ಬಕ್ಕೆ ಮೊದಲು ಅವಳ ಅಮ್ಮ ಫೋನ್ ಮಾಡಿದ್ದಳು, ದನಿ ತಗ್ಗಿಸಿಕೊಂಡು.

"ಈ ವರ್ಷ ಕರೀತಾನೆ ಕಣೇ. ಕಾಡಿ ಬೇಡಿ ಒಪ್ಪಿಸಿದ್ದೀನಿ. ಫೋನಲ್ಲೇ ಕರೀತಾನೆ. ನೀನು ಬಾಯಿ ಮಾತ್ರ ಬಿಗಿ ಹಿಡಿದಿರು ತಾಯಿ."

"ಮಕ್ಕಳ ಹೆಸರು ಕರೀತಾನೆ ತಾನೆ?"

"ಕರೀತಾನೆ ಅಂದೆನಲ್ಲ."

ಅಮ್ಮನ ಮಾತು ನಂಬಿ ಅವಳು ಮನೆ ತೊಳೆದಳು, ಅಡುಗೆ ಮಾಡಿದಳು, ಮಕ್ಕಳಿಗೆ ಹೊಸ ಬಟ್ಟೆ ಹಾಕಿದಳು. ಆರು ವರ್ಷದ ಮಗನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಬಚ್ಚಲಲ್ಲಿ "ಇದ್ದೇನೆ", ಮೆಟ್ಟಿಲ ಮೇಲೆ "ಇದ್ದೇನೆ", ಕೆಳಗೆ ಟ್ಯೂಬಿಗೆ ಪ್ಯಾಚು ಹಾಕುತ್ತಿದ್ದ ಸೈಕಲ್ ಅಂಗಡಿಯವನ ಕಿವಿಯಲ್ಲೂ ಒಂದು "ಇದ್ದೇನೆ".

"ಗೊತ್ತಪ್ಪ, ಬೆಳಗಿಂದ ಇದ್ದೀಯ," ಅಂದ ಅಂಗಡಿಯವನು.

ಹತ್ತು ವರ್ಷದ ಮಗಳು ಮಾತ್ರ ಜಡೆ ಹಾಕಿಸಿಕೊಳ್ಳುವಾಗ ಕೇಳಿದಳು: "ಮಾವ ನಿಜವಾಗ್ಲೂ ಕರೀತಾರಾ?"

"ಅಜ್ಜಿ ಹೇಳಿದ್ದಾರಲ್ಲ."

ಮಗಳು ಮುಂದೆ ಕೇಳಲಿಲ್ಲ. ಕೇಳದೆ ಬಿಡುವುದನ್ನು ಅವಳು ಬೇಗ ಕಲಿತಿದ್ದಳು.

ಸಂಜೆ ದೀಪ ಹಚ್ಚಿ, ಪಕ್ಕದಲ್ಲಿ ಲೋಟಕ್ಕೆ ಒರಗಿಸಿ ಫೋನು ನಿಲ್ಲಿಸಿದರು. ಅಡುಗೆಯ ಪಾತ್ರೆಗಳಿಗೆ ತಟ್ಟೆ ಮುಚ್ಚಿತ್ತು. ಫೋನು ಬರಲಿಲ್ಲ. ಮಗನ ಹೊಟ್ಟೆ ತಾಳ ಹಾಕತೊಡಗಿತು. ಅವಳು ದೀಪಕ್ಕೆ ಎರಡು ಸಲ ಎಣ್ಣೆ ಹಾಕಿದಳು. ಬೇಕೆಂದೇ ಕಾಯಿಸುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು, ಹುಡುಗನಾಗಿದ್ದಾಗಲೂ ಅವನದು ಇದೇ ಬುದ್ಧಿ. ಹಲ್ಲು ಕಚ್ಚಿ ಕೂತಳು.

ಕೊನೆಗೂ ಫೋನು ಬಂತು. ಅಣ್ಣ ಏನೂ ಮಾತಾಡದೆ ನೇರ ಪ್ರಾರ್ಥನೆ ಶುರು ಮಾಡಿದ. ಆಮೇಲೆ ಹೆಸರುಗಳು. ಅತ್ತಿಗೆ "ಇದ್ದೇನೆ" ಅಂದಳು. ಅಣ್ಣನ ಮಕ್ಕಳು ಒಬ್ಬರ ಹಿಂದೊಬ್ಬರು "ಇದ್ದೇನೆ" ಅಂದರು. ಅಮ್ಮನ ದನಿ ಬಾವಿಯೊಳಗಿಂದ ಬಂದಂತೆ ಬಂತು. ಇಲ್ಲಿ ಮಗ ಬಾಯಿ ಅರ್ಧ ತೆರೆದು ಫೋನಿನ ಮುಂದೆ ಬಗ್ಗಿದ.

ಅಣ್ಣ ಇನ್ನೊಂದು ಹೆಸರು ಕರೆದ. ಅವಳ ಗಂಡನ ಹೆಸರು.

"ಇದ್ದೇನೆ," ಅಂತ ಆ ಕಡೆಯಿಂದಲೇ ಗಂಡಸಿನ ದನಿ ಬಂತು.

"ಅಪ್ಪ," ಅಂದ ಮಗ ಖುಷಿಯಾಗಿ. ಮಗಳು ಬಲಗೈಯನ್ನು ಮಡಿಲಿಗೆ ಎಳೆದುಕೊಂಡಳು.

"ಕೇಳಿಸ್ತಾ?" ಅಂದ ಅಣ್ಣ. "ನಾನೇ ಕರೆಸಿದ್ದೀನಿ. ತಪ್ಪಾಯ್ತು ಅಂದಿದ್ದಾನೆ. ಈಗ ನೀನು ಅವನ ಜೊತೆ ಇರ್ತೀನಿ ಅನ್ನು, ನಿನ್ನ ಹೆಸರು, ಮಕ್ಕಳ ಹೆಸರು, ಎಲ್ಲಾ ಈಗಲೇ ಕರೀತೀನಿ."

"ತಪ್ಪಾಯ್ತು ಅಂತ ಯಾರಿಗೆ ಅಂದ?"

"ನನಗೆ."

"ತಿರುಚಿದ್ದು ನಿನ್ನ ಕೈಯಾ?"

ಆ ಕಡೆ ಯಾರೋ ಕೆಮ್ಮಿದರು.

"ಹಬ್ಬದ ದಿನ ಜಗಳ ತೆಗೀಬೇಡ."

"ಮಕ್ಕಳು ಬೆಳಗಿಂದ ಕಾಯ್ತಿದ್ದಾರೆ ಅಣ್ಣ. ನನ್ನದು ಬಿಡು. ಅವರ ಹೆಸರು ಕರಿ."

"ಅಪ್ಪನ ಪಕ್ಕ ಬಂದು ಕೂರಲಿ, ಕರೀತೀನಿ. ಅಲ್ಲೀವರೆಗೂ ಇಲ್ಲ."

ಅವಳು ಫೋನು ಕಟ್ ಮಾಡಿದಳು. ಅವಳಿಗೆ ಅಳು ಬಂದಿರಲಿಲ್ಲ, ಬಂದದ್ದು ಸಿಟ್ಟು, ಕಣ್ಣು ಕತ್ತಲೆಯಾಗುವಷ್ಟು ಸಿಟ್ಟು. ಅಣ್ಣನ ಮೇಲೆ, ಅವನ ಮನೆಯಲ್ಲಿ ಅಳಿಯನಾಗಿ ಕೂತು ಉಣ್ಣಲಿದ್ದ ಗಂಡನ ಮೇಲೆ, ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಬಲೆಗೆ ಕೈ ಜೋಡಿಸಿದ ಅಮ್ಮನ ಮೇಲೆ. ಮಕ್ಕಳು ಇದ್ದಾರೆ ಎನ್ನುವುದಕ್ಕೂ ಶರತ್ತು ಹಾಕುತ್ತಾರಲ್ಲ, ಇವರೆಂಥ ಹಿರಿಯರು. ಇವರ ದೇವರಿಗಾದರೂ ನಾಚಿಕೆಯಾಗಬೇಡವೇ.

"ನನ್ನ ಹೆಸರು?" ಅಂದ ಮಗ. ಅವನ ಕೆಳತುಟಿ ಆಗಲೇ ಅದುರುತ್ತಿತ್ತು.

ಅವಳು ಎದ್ದು ದೀಪದ ಮುಂದೆ ನಿಂತಳು. ಪ್ರಾರ್ಥನೆ ಅವಳಿಗೆ ಬಾಯಿಪಾಠ ಬರುತ್ತಿರಲಿಲ್ಲ. ಆ ಮನೆಯಲ್ಲಿ ಹೆಂಗಸರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದರು, ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ.

"ದೇವರೇ, ನಾವು ಇಲ್ಲಿದ್ದೀವಿ. ನೋಡ್ಕೋ," ಅಂದಳು, ಡಿಪೋದಲ್ಲಿ ಸ್ಪಂಜು ತಂದುಕೊಡು ಅನ್ನುವ ದನಿಯಲ್ಲೇ.

ಮಗಳ ಹೆಸರು ಕರೆದಳು. "ಇದ್ದೇನೆ," ಅಂದಳು ಹುಡುಗಿ, ಕೇಳಿಸಿಯೂ ಕೇಳಿಸದಂತೆ. ಇನ್ನೊಮ್ಮೆ ಕರೆದಳು. ಈಗ ಹುಡುಗಿ ತಲೆ ಎತ್ತಿ ಹೇಳಿದಳು. ಮಗನ ಹೆಸರು ಕರೆಯುವಷ್ಟರಲ್ಲೇ ಅವನ "ಇದ್ದೇನೆ" ಕೆಳಗಿನ ಅಂಗಡಿಗೂ ಕೇಳಿಸಿರಬೇಕು. ಅವಳ ಹೆಸರು ಕರೆಯುವವರು ಯಾರೂ ಇರಲಿಲ್ಲ. ತಾನೇ ಕರೆದುಕೊಂಡು ತಾನೇ "ಇದ್ದೇನೆ" ಅಂದಳು. ಮಕ್ಕಳಿಬ್ಬರೂ ನಕ್ಕರು.

ಪಾತ್ರೆಯ ತಟ್ಟೆ ತೆಗೆದು ಬಡಿಸಿದಳು. ಮಗ ಮುಟ್ಟಲಿಲ್ಲ.

"ಹಸಿವು ಅಂತಿದ್ಯಲ್ಲ, ತಿನ್ನು."

"ಅಪ್ಪನ ಹೆಸರು ಬಿಟ್ಟೆ ನೀನು."

ಸೌಟು ಅವಳ ಕೈಯಲ್ಲೇ ನಿಂತಿತು.

"ಬಿಟ್ಟರೆ ಸತ್ತುಹೋದವರು ಅಂತ ನೀನೇ ಹೇಳಿದ್ದೆ," ಅಂದ ಅವನು. "ಅಪ್ಪ ಸತ್ತುಹೋದ್ರಾ?"

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭದ ಮಾತು. ಅಣ್ಣ ಮೂರು ವರ್ಷದಿಂದ ಅದನ್ನೇ ತಾನೆ ಹೇಳುತ್ತ ಬಂದದ್ದು, ಬಾಯಿ ಬಿಡದೆ. ಅವಳು ಮಗಳ ಕಡೆ ನೋಡಿದಳು. ಮಗಳು ತಟ್ಟೆಯನ್ನೇ ನೋಡುತ್ತ ಕಾಯುತ್ತಿದ್ದಳು. ಅವಳು ಸೌಟು ಕೆಳಗಿಟ್ಟು ಮತ್ತೆ ದೀಪದ ಮುಂದೆ ಹೋಗಿ ನಿಂತಳು. ಬೈಗುಳದಷ್ಟೇ ಗಟ್ಟಿಯಾಗಿ ಗಂಡನ ಹೆಸರು ಕರೆದಳು. ಕೋಣೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ.

"ಇದ್ದಾನೆ," ಅಂದಳು ಅವಳೇ. "ಬದುಕಿದ್ದಾನೆ. ಈ ಮನೇಲಿ ಇಲ್ಲ. ಈ ಮನೇಲಿ ಇರೋದೂ ಇಲ್ಲ."

ಮಗ ಅಕ್ಕನ ಮುಖ ನೋಡಿದ. ಅಕ್ಕ ಬಲಗೈಯಲ್ಲಿ ಮೊದಲ ತುತ್ತು ಎತ್ತಿದ್ದಳು. ಅವನೂ ತಿನ್ನತೊಡಗಿದ.