ಕರುಣಮ್ಮನ ಮಗ್ಗುಲಿನ ಕುಣಿ

ಮಧುಗಿರಿಯ ಬೆಟ್ಟ ಒಂದೇ ಕಲ್ಲು. ಅದರ ಬುಡದ ನೆಲವೂ ಅದೇ ಜಾತಿಯದು. ಮೇಲೆ ಗೇಣುದ್ದ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಮತ್ತೆ ಕಲ್ಲು. ಇಂಥ ನೆಲದಲ್ಲಿ ಬಾವಿ ತೋಡಿ ಹೊಟ್ಟೆ ಹೊರೆಯುತ್ತೇನೆಂದು ಹೊರಟವನಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ದೇವರ ಮೇಲೆ ವಿಪರೀತ ನಂಬಿಕೆ ಇರಬೇಕು. ಸಮಾಧಾನಪ್ಪನಿಗೆ ಎರಡೂ ಇವೆ ಎಂದು ಊರು ಆಡಿಕೊಳ್ಳುತ್ತಿತ್ತು.

ಹುಟ್ಟಿದಾಗ ಅವನ ಹೆಸರು ಮೂಡಲಗಿರಿಯಪ್ಪ. ಸಿರಾ ಸೀಮೆಯವನು. ಮದಲೂರು ಕೆರೆಯ ಕೆಳಗೆ ಬಾವಿ ಕೆಲಸ ಮಾಡುತ್ತಿದ್ದಾಗ ಮಿಷನ್ನಿನವರ ಮಾತು ಕಿವಿಗೆ ಬಿದ್ದು, ಮನಸ್ಸಿಗೆ ಹಿಡಿದು, ಹೆಂಡತಿಯೊಡನೆ ದೀಕ್ಷಾಸ್ನಾನ ಪಡೆದ. ಅವನು ಸಮಾಧಾನಪ್ಪನಾದ, ಅವಳು ಕರುಣಮ್ಮನಾದಳು. ನೆಂಟರಿಷ್ಟರು ಹೊಸ್ತಿಲು ದಾಟಿಸದೆ ಹೋದಾಗ ಗಂಡ ಹೆಂಡಿರು ಹಾರೆ, ಗುದ್ದಲಿ, ಎರಡು ಮಡಕೆ ಹೊತ್ತುಕೊಂಡು ಮಧುಗಿರಿಗೆ ಬಂದರು. ಊರಾಚೆ ಕ್ರೈಸ್ತರ ಕೇರಿ ಇತ್ತು. ಕೇರಿ ಎಂದರೆ ಒಂದಷ್ಟು ಮನೆ, ಹೆಂಚು ಹೊದಿಸಿದ ಒಂದು ಪ್ರಾರ್ಥನಾಮಂದಿರ, ಬೆಟ್ಟದ ನೆರಳು ಬೀಳುವ ಕಡೆ ಸಮಾಧಿಗೆಂದು ಬಿಟ್ಟ ಒಂದು ತುಂಡು ನೆಲ. ಹಾರೆ ಹಿಡಿಯಬಲ್ಲವನು ಕೇರಿಗೆ ಬಂದದ್ದೇ ತಡ, ಸತ್ತವರಿಗೆ ಕುಣಿ ತೋಡುವ ಕೆಲಸವೂ ಅವನ ಹೆಗಲಿಗೆ ಬಿತ್ತು. ಅದಕ್ಕೆ ಅವನು ಕೂಲಿ ಕೇಳಲಿಲ್ಲ.

ಪ್ಲೇಗು ಬಂದ ವರ್ಷ ಊರಿಗೆ ಊರೇ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡಿತು. ಗುಡಿಸಲಲ್ಲೇ ಕರುಣಮ್ಮನ ಕಂಕುಳಲ್ಲಿ ಗಂಟು ಕಾಣಿಸಿತು. ಸಾವೆಂದರೆ ಅವಳಿಗೆ ಭಯವಿರಲಿಲ್ಲ. ಅವಳ ಭಯವೇ ಬೇರೆ. ಆ ಹೆಣ್ಣು ಊರು ಕಂಡವಳಲ್ಲ. ಒಮ್ಮೆ ಕೊರಟಗೆರೆಯ ಸಂತೆಗೆ ಹೋಗಿ, ಜನದ ಮಧ್ಯೆ ಗಂಡ ಕಣ್ಮರೆಯಾದಾಗ ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟಿದ್ದಳು.

"ಪರಲೋಕ ಅಂದ್ರೆ ಗುರುತಿಲ್ಲದ ಊರು," ಅಂದಳು ಕೊನೆಗೆ. "ನಮ್ಮವ್ವ ಅಪ್ಪ ಯಾರೂ ಅಲ್ಲಿಲ್ಲ. ನಾನು ಬಾಗಿಲತಾವೇ ನಿಂತಿರ್ತೀನಿ. ಒಳಕ್ಕೆ ಹೋಗಾಕಿಲ್ಲ. ನೀನು ಬ್ಯಾಗ ಬಂದ್ಬುಡು."

"ಬತ್ತೀನಿ ಕಣೇ," ಅಂದ ಅವನು.

ಮಾತು ಕೊಟ್ಟದ್ದೇನೋ ಸುಲಭ. ಅವಳಿಗೆ ಕುಣಿ ತೋಡಿ, ಮಣ್ಣು ಮಾಡಿ ಬಂದ ಮೇಲೆ, ದಿನಾ ಸಂಜೆ ಬೆಟ್ಟದ ನೆರಳು ಕೇರಿಯ ಮೇಲೆ ಹರಿದು ಬರುವ ಹೊತ್ತಿಗೆ ಸಮಾಧಾನಪ್ಪನಿಗೆ ಅದೇ ಮಾತು ಕೇಳಿಸತೊಡಗಿತು. ಬ್ಯಾಗ ಬಂದ್ಬುಡು. ಅವನು ಒಲೆಯ ಮುಂದೆ ಕೂತಿರಲಿ, ಹತ್ತಾಳು ಕೆಳಗೆ ಬಾವಿಯಲ್ಲಿರಲಿ, ಹಿಂದಿನಿಂದ ಯಾರೋ ಅಂದ ಹಾಗೆ, ಅವಳದೇ ಕಟ್ಟಿದ ಗಂಟಲಿನಲ್ಲಿ. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಮೊದಮೊದಲು ಹೆದರಿಕೆಯಾಗುತ್ತಿತ್ತು, ಆಮೇಲೆ ಅದು ಕೇಳಿಸದ ದಿನವೇ ಏನೋ ಕಳೆದುಹೋದಂತಾಗುತ್ತಿತ್ತು.

ಪರಲೋಕದ ಆಸೆ ಕೇರಿಯವರಿಗೆಲ್ಲ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಭಾನುವಾರ ಹಾಡು ಹೇಳುವಾಗ ಕಣ್ಣಲ್ಲಿ ನೀರು ತುಂಬುವಷ್ಟು ಇರುತ್ತಿತ್ತು. ಸೋಮವಾರ ರಾಗಿ ಬೀಸುವ ಹೊತ್ತಿಗೆ ಮರೆತಿರುತ್ತಿತ್ತು. ಸಮಾಧಾನಪ್ಪನಿಗೆ ಮಾತ್ರ ಸೋಮವಾರವೂ ಇತ್ತು, ಶನಿವಾರದವರೆಗೂ ಇತ್ತು. ಮಂಡಿಯೂರಿದರೆ ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಸ್ವಾಮಿ, ನನ್ನ ಕರಕೋ." ಹಾಗೆಂದು ಕೆಲಸ ಬಿಟ್ಟು ಕೂತವನಲ್ಲ. ಐ.ಡಿ.ಹಳ್ಳಿಯಲ್ಲಿ, ಕೊಳಾಲದಲ್ಲಿ ಅವನು ತೋಡಿದ ಬಾವಿಗಳಲ್ಲಿ ಇವತ್ತಿಗೂ ಕೊಡ ಮುಳುಗುತ್ತದೆ. ಮಹಾಯುದ್ಧ ಮುಗಿಯುವ ಹೊತ್ತಿಗೆ ಇನ್‌ಫ್ಲುಯೆಂಜಾ ಜ್ವರ ಬಂದು ಕೇರಿಯನ್ನು ಗುಡಿಸಿದಾಗ ಅಂಗೈ ಒಡೆದು ರಕ್ತ ಬರುವ ತನಕ ಕುಣಿ ತೋಡಿದ. ಜ್ವರ ಅವನ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಬೇಡುವವನಿಗೆ ಸಿಗದು, ಬೇಡದವರಿಗೆ ತಪ್ಪದು.

ಆ ಜ್ವರ ಹೋದ ಮೇಲಿನ ಒಂದು ಬೇಸಗೆಯಲ್ಲಿ ಅವನಿಗೆ ಯೋಚನೆ ಬಂತು. ಎಲ್ಲರಿಗೂ ತಾನು ತೋಡಿದ್ದಾಯಿತು. ತನಗೆ ಯಾರು ತೋಡುತ್ತಾರೆ? ಕೇರಿಯ ಗಂಡಸರಲ್ಲಿ ಈ ಗರಸಿಗೆ ಹಾರೆ ಹಾಕುವ ರಟ್ಟೆ ಯಾರಿಗೂ ಇಲ್ಲ. ಹೆಣವಿಟ್ಟುಕೊಂಡು ಅವರು ಪರದಾಡುವುದು ಬೇಡವೆಂದು, ಕರುಣಮ್ಮನ ಮಗ್ಗುಲಲ್ಲೇ ತನ್ನ ಕುಣಿಯನ್ನು ತಾನೇ ತೋಡಿ, ಮೇಲೆ ಕಲ್ಲು ಚಪ್ಪಡಿ ಹೊದಿಸಿ ಬಂದ. ತನ್ನ ಗುಂಡಿ ತಾನೇ ತೋಡಿಕೊಂಡ ಭೂಪನನ್ನು ಕಣ್ಣಾರೆ ಕಂಡೆವೆಂದು ಪೇಟೆಯವರು ವಾರಗಟ್ಟಲೆ ನಕ್ಕರು. ಕೇರಿಯ ಉಪದೇಶಿ ಜೀವರತ್ನಯ್ಯನವರು ಮಾತ್ರ ಭಾನುವಾರದ ಪ್ರಸಂಗದಲ್ಲಿ, ಭಕ್ತನಾದವನು ಹೀಗೆ ಸಿದ್ಧನಾಗಿರಬೇಕು ಎಂದು ಅವನನ್ನು ಎಲ್ಲರ ಮುಂದೆ ಹೊಗಳಿದರು.

ಕುಣಿ ಸಿದ್ಧವಾಯಿತು, ಅವನು ಸಾಯಲಿಲ್ಲ. ಮಳೆಗಾಲದಲ್ಲಿ ನೇಕಾರ ಶಾಂತಪ್ಪನಿಗೆ ಹಾವು ಕಚ್ಚಿತು. ಗಟ್ಟಿಮುಟ್ಟಾದ ಆಳು, ಮಧ್ಯಾಹ್ನ ಮಗ್ಗದಲ್ಲಿದ್ದವನು ಸಂಜೆಗೆ ಇರಲಿಲ್ಲ. ಸುರಿಯುವ ಮಳೆಯಲ್ಲಿ ಹೊಸದಾಗಿ ತೋಡುವುದೆಂತು ಎಂದು ಸಮಾಧಾನಪ್ಪ ತನ್ನ ಕುಣಿಯನ್ನೇ ಬಿಟ್ಟುಕೊಟ್ಟ. ಮಳೆ ನಿಂತ ಮೇಲೆ ಕರುಣಮ್ಮನ ಇನ್ನೊಂದು ಮಗ್ಗುಲಲ್ಲಿ ಮತ್ತೆ ತೋಡಿದ. ಅದರ ಚಪ್ಪಡಿ ಕೂರುವಷ್ಟರಲ್ಲಿ ಶಾಲೆಯ ಮೇಷ್ಟರ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಹೋದಳು. ಮೇಷ್ಟರು ಎದೆ ಬಡಿದುಕೊಳ್ಳುತ್ತಿದ್ದರು. ಅವರ ಮುಂದೆ ಹಾರೆಯ ಸದ್ದು ಬೇಡವೆನ್ನಿಸಿ ಆ ಕುಣಿಯನ್ನೂ ಕೊಟ್ಟ. ಆಮೇಲೆ ಕರುಣಮ್ಮನ ತಲೆಯ ಕಡೆ ಉಳಿದಿದ್ದ ಜಾಗದಲ್ಲಿ ಮೂರನೆಯದು ತೋಡಿದ.

ಆಗ ಊರಿನ ನಗು ನಿಂತಿತು. ಈ ಸೀಮೆಯಲ್ಲಿ ತೋಡಿದ ಕುಣಿಯನ್ನು ಬರಿದಾಗಿ ಬಿಡುವ ಪದ್ಧತಿಯಿಲ್ಲ. ಯಾವ ಕಾರಣಕ್ಕೋ ಹೆಣ ಬರದೆ ಹೋದರೆ ಒಂದು ಕೋಳಿಯನ್ನೋ ಬಾಳೆದಿಂಡನ್ನೋ ಹಾಕಿ ಮುಚ್ಚುತ್ತಾರೆ. ಬರಿದಾದ ಕುಣಿ ಹಸಿದ ಬಾಯಿ, ಅದು ಯಾರನ್ನಾದರೂ ಕರೆಯುತ್ತದೆ ಎಂಬುದು ಹಿರಿಯರ ಮಾತು. ಗಾಳಿ ಬೀಸಿದರೆ ಚಪ್ಪಡಿಯ ಸಂದಿನಲ್ಲಿ ಹೂಂ ಎಂದು ಸದ್ದು ಬರುತ್ತದೆಂದು ದನ ಕಾಯುವವರು ಹೇಳಿದರು. ಸದ್ದು ಬರುತ್ತಿದ್ದುದು ನಿಜ. ಸಮಾಧಾನಪ್ಪನೂ ಕೇಳಿದ್ದ.

ಈ ಮಾತುಗಳಿಗೆಲ್ಲ ಹೆದರದವಳು ಒಬ್ಬಳೇ. ಅವನ ಹಿತ್ತಲಿಗೆ ಅಂಟಿಕೊಂಡ ಹೊಲದ ಹೊನ್ನಕ್ಕನ ಮೊಮ್ಮಗಳು ಅಶ್ವತ್ಥಮ್ಮ, ಇನ್ನೂ ಹಲ್ಲು ಬೀಳದ ಹುಡುಗಿ. ಆ ಹೊಲದ ಬಾವಿ ಅವನೇ ತೋಡಿದ್ದು; ತಾಯಿಯಿಲ್ಲದ ಈ ಮಗು ಅದರ ಕಟ್ಟೆಯ ಮೇಲೆ ಬಿಳಿ ಬೆಣಚುಕಲ್ಲು ಆಡುತ್ತಲೇ ಬೆಳೆದಿತ್ತು. ಒಂದು ದಿನ ಅವನ ಹಿಂದೆಯೇ ಸಮಾಧಿ ಭೂಮಿಗೆ ಬಂದು ಚಪ್ಪಡಿಯ ಮೇಲೆ ಕೂತಳು.

"ಅಜ್ಜ, ಇದು ಯಾರ ಮನೆ?"

"ನಂದು ಕಣವ್ವ."

"ಬಾಗಿಲೇ ಇಲ್ವಲ್ಲ?"

"ಬಾಗಿಲು ಆ ಕಡೆ ಐತೆ. ಕರುಣವ್ವ ನಿಂತವಳೆ ಅಲ್ಲಿ, ನಾನು ಬತ್ತೀನಿ ಅಂತ ಕಾಯ್ತಾ."

ಹುಡುಗಿ ಸಂದಿನಿಂದ ಒಂದೊಂದೇ ಬೆಣಚುಕಲ್ಲು ಒಳಕ್ಕೆ ಬಿಟ್ಟು ಕಿವಿಗೊಟ್ಟಳು. ಆಮೇಲೆ ಬಾಯಿಟ್ಟು ತನ್ನ ಹೆಸರನ್ನೇ ಕೂಗಿದಳು. ಕುಣಿ ಅದನ್ನು ಹಾಗೆಯೇ ಹಿಂದಕ್ಕೆ ಕೂಗಿತು. ಅವಳು ಕಿಲಕಿಲ ನಕ್ಕಳು. ಅಷ್ಟು ವರ್ಷ ಬಾವಿಗಳಲ್ಲಿ ತನ್ನ ದನಿಯನ್ನೇ ಕೇಳಿ ಅಭ್ಯಾಸವಿದ್ದ ಸಮಾಧಾನಪ್ಪ, ಅವತ್ತು ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಮನೆಗೆ ಬಂದ.

ಆ ವಾರವೇ ಅವಳಿಗೆ ಜ್ವರ ಹಿಡಿಯಿತು. ಔಷಧವಾಯಿತು, ಯಂತ್ರ ಕಟ್ಟಿದ್ದಾಯಿತು, ಜ್ವರ ಇಳಿಯಲಿಲ್ಲ. ಹೊನ್ನಕ್ಕ ಬಂದು ಅವನ ಅಂಗಳದಲ್ಲಿ ನಿಂತಳು.

"ಸಮಾದಾನಣ್ಣ, ಆ ಕುಣಿ ಮುಚ್ಚಾಕ್ಬುಡು."

"ಹೊನ್ನಕ್ಕ, ಅದೆಲ್ಲ ನಾವು ನಂಬಾಕಿಲ್ಲ."

"ನೀನು ನಂಬಬ್ಯಾಡ ಬುಡು. ಕುಣಿಗೆ ಜಾತಿ ಗೊತ್ತೇನಣ್ಣ? ಕಿಲಸ್ತರ ಕುಣಿ ಅಂತ ನಮ್ ಮಗೀನ ಬುಟ್ಬುಡ್ತದಾ? ಕೂಸು ಮಂಪರಿನಾಗೆ ಯಾರೋ ಬಾಗಿಲತಾವ ನಿಂತವ್ರೆ ಅಂತದೆ." ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಿಂಗೆ ಹೋಗೋ ಆಸೆ ಇದ್ರೆ ಹೋಗು, ಯಾರು ಬ್ಯಾಡ ಅಂದೋರು? ನಮ್ ಕೂಸನ್ನ ಯಾಕೆ ಕರ್ಕೊಂಡೋಯ್ತೀಯಾ?"

ಅವಳು ಹೋದ ಮೇಲೆ ಸಮಾಧಾನಪ್ಪ ಉಪದೇಶಿಗಳ ಮನೆಗೆ ಹೋದ. ಜೀವರತ್ನಯ್ಯನವರು ಒಳ್ಳೆಯವರೇ, ಆದರೆ ದೆವ್ವ ಪಿಶಾಚಿಗಳ ನಂಬಿಕೆಯ ವಿರುದ್ಧ ಈ ತಾಲ್ಲೂಕಿನಲ್ಲಿ ಅವರು ಅಷ್ಟು ವರ್ಷ ಗಂಟಲು ಹರಿದುಕೊಂಡಿದ್ದರು.

"ಮುಚ್ಚಿದೆಯೋ, ನಾಳೆಯಿಂದ ನಮ್ಮ ಮಾತು ಯಾರೂ ಕೇಳುವುದಿಲ್ಲ," ಎಂದರು. "ಕ್ರೈಸ್ತರ ದೇವರೇ ಒಂದು ಗುಂಡಿಗೆ ಹೆದರಿದ ಎನ್ನುತ್ತಾರೆ. ನೀನೂ ಹೆದರಿದೆಯಾ, ಸಮಾಧಾನಪ್ಪ?"

"ಕುಣಿಗೆ ಹೆದರಿಲ್ಲ ಅಯ್ನೋರೇ. ನನ್ನ ಪ್ರಾರ್ಥನೆಗೆ ಹೆದರಿದೀನಿ."

"ಹಾಗೆಂದರೆ?"

"ದಿನಾ ಕರಕೋ ಕರಕೋ ಅಂತ ಬಡ್ಕೊಂಡೆ. ಕೇಳುಸ್ಕೊಂಡು ದೂತ ಬಂದ. ಮನೆ ತಪ್ಪಿ ಶಾಂತನ ಬಾಗಿಲು ತಟ್ಟಿದ, ಮೇಷ್ಟ್ರ ಬಾಗಿಲು ತಟ್ಟಿದ. ಈಗ ಮಗೀನ ಬಾಗಿಲತಾವ ನಿಂತವ್ನೆ. ಕರೆಯೋನು ನಾನು, ಹೋಗೋರು ಅವರು. ಹಿಂಗಾದ್ರೆ ಹೆಂಗೆ ಅಯ್ನೋರೇ?"

ದೇವರ ದೂತರು ಮನೆ ತಪ್ಪುವುದಿಲ್ಲ ಎಂದು ಜೀವರತ್ನಯ್ಯನವರು ಹೇಳಬಹುದಿತ್ತು. ಆದರೆ ಅವರ ಎರಡು ಮಕ್ಕಳು ಅದೇ ಸಮಾಧಿ ಭೂಮಿಯಲ್ಲಿದ್ದವು.

ಬೆಟ್ಟದ ನೆರಳು ಇಳಿಯುವ ಹೊತ್ತಿಗೆ ಸಮಾಧಾನಪ್ಪ ಹಾರೆ ಗುದ್ದಲಿ ಹೊತ್ತು ಹೋದ. ಹಾರೆಯಿಂದ ಮೀಟಿ ಚಪ್ಪಡಿ ಸರಿಸಿದ. ಏನನ್ನಿಸಿತೋ, ಒಳಗೆ ಇಳಿದು ಕೂತ. ತಣ್ಣಗಿತ್ತು. ತನ್ನ ಅಳತೆಗೆ ಸರಿಯಾಗಿ ತೋಡಿದ್ದ ಜಾಗ, ಅಲ್ಲಿಂದ ಏಳುವುದೇ ಬೇಡವೆನ್ನುವಷ್ಟು ಹಿತವಾಗಿತ್ತು. ಕಾಲ ಬಳಿ ಹುಡುಗಿ ಬಿಟ್ಟ ಬೆಣಚುಕಲ್ಲುಗಳು ಬೆಳ್ಳಗೆ ಬಿದ್ದಿದ್ದವು. ಆಗ ದಿನಕ್ಕಿಂತ ಹತ್ತಿರದಲ್ಲಿ, ಮಣ್ಣಿನ ಗೋಡೆಯ ಆಚೆಯಿಂದಲೇ ಎಂಬಂತೆ ಕೇಳಿತು. ಬ್ಯಾಗ ಬಂದ್ಬುಡು.

ಅವನು ಅತ್ತ. ಹೆಂಡತಿ ಸತ್ತಾಗ ಕೆಲಸದ ಗಡಿಬಿಡಿಯಲ್ಲಿ ಅಳದೆ ಉಳಿದಿದ್ದೆಲ್ಲ ಆವತ್ತು ಬಂತು. ಗೋಡೆಗೆ ಅಂಗೈ ಊರಿ ಹೇಳಿದ: "ಇವಳೇ, ಇನ್ನೊಸಿ ದಿನ ಕಾದಿರು. ಇಲ್ಲೊಂದು ಕೂಸು ಐತೆ. ಅದು ಬದುಕ್ಬೇಕು. ಬಾಗಿಲತಾವ ಬಿಸಿಲಿದ್ರೆ ಒಳಕ್ಕೆ ಹೋಗು, ಯಾರೂ ಏನೂ ಅನ್ನಾಕಿಲ್ಲ."

ಮೇಲೆ ಹತ್ತಿ ಬಂದು ಮಣ್ಣು ಎಳೆದ. ಕೋಳಿ ಹಾಕಲಿಲ್ಲ, ಬಾಳೆದಿಂಡು ಹಾಕಲಿಲ್ಲ. ಕುಣಿ ತುಂಬಿ ನೆಲಕ್ಕೆ ಸಮವಾಗುವ ತನಕ ಬೇಲಿಯ ಆಚೆ ಜೀವರತ್ನಯ್ಯನವರು ನಿಂತಿದ್ದರು. ಆಮೇಲೆ ಮನೆಗೆ ಹೋದರು.

ಜ್ವರ ಆ ರಾತ್ರಿಯೇ ಬಿಟ್ಟಿತೆಂದರೆ ಕತೆಗೆ ಚೆಂದ. ಹಾಗಾಗಲಿಲ್ಲ. ಇನ್ನೂ ಹತ್ತು ಹನ್ನೆರಡು ದಿನ ಹುಡುಗಿಯನ್ನು ಸುಟ್ಟು, ಕೂದಲೆಲ್ಲ ಉದುರಿಸಿ, ಆಮೇಲೆ ಬಿಟ್ಟಿತು. ಅದೇ ತಿಂಗಳು ಪೇಟೆಯಲ್ಲಿ ಬೇರೆ ಮಕ್ಕಳು ಸತ್ತವು. ಕುಣಿಯ ತಪ್ಪೋ, ಪ್ರಾರ್ಥನೆಯ ತಪ್ಪೋ, ಯಾರದೂ ಅಲ್ಲವೋ, ಸಮಾಧಾನಪ್ಪನಿಗೆ ಕೊನೆಗೂ ತಿಳಿಯಲಿಲ್ಲ. ತಿಳಿಯಲೂ ಭಯವಾಗುತ್ತಿತ್ತು. ಕರಕೋ ಎಂಬ ಮಾತನ್ನು ಮಾತ್ರ ಅವನು ಮತ್ತೆ ಬಾಯಿಗೆ ತರಲಿಲ್ಲ.

ಬೋಳು ತಲೆಯ ಅಶ್ವತ್ಥಮ್ಮ ಓಡಾಡುವಂತಾದ ದಿನ ಅವನ ಹಿಂದೆ ನೇರ ಸಮಾಧಿ ಭೂಮಿಗೇ ಬಂದಳು.

"ಅಜ್ಜ, ನಿನ್ ಮನೆ ಎಲ್ಲೋಯ್ತು?"

"ಮುಚ್ಬುಟ್ಟೆ ಕಣವ್ವ."

"ಕರುಣವ್ವ ಕಾಯ್ತಿರಾಕಿಲ್ವಾ?"

"ಕಾಯ್ತಾಳೆ. ಅವಳು ಒಳ್ಳೆಯೋಳು."

ಅಲ್ಲಿಂದ ಮುಂದೆ ಬದುಕುವುದೇ ಅವನ ಪಾಲಿನ ಕೆಲಸವಾಯಿತು. ಸಂಜೆಯ ದನಿ ನಿಲ್ಲಲಿಲ್ಲ. ಕೇಳಿದಾಗೆಲ್ಲ ಎದ್ದು ಯಾರದಾದರೂ ಬಾವಿಯ ಹೂಳು ತೆಗೆಯಲು ಹೋಗುತ್ತಿದ್ದ, ಇಲ್ಲವೇ ಕಾಯಿಲೆಯವರ ಮನೆಗೆ ನೀರು ಹೊತ್ತು ಹಾಕುತ್ತಿದ್ದ. ಕೇರಿಯವರು ಒಬ್ಬೊಬ್ಬರಾಗಿ ಹೋದರು, ಜೀವರತ್ನಯ್ಯನವರೂ ಹೋದರು, ಹೊನ್ನಕ್ಕನೂ ಹೋದಳು. ಕಲ್ಲಿನಂಥ ಆರೋಗ್ಯ ಇಟ್ಟುಕೊಂಡು ಇವನು ಉಳಿದ. ಯಮನ ಕಚೇರಿಯಲ್ಲಿ ಸಮಾಧಾನಪ್ಪನ ಹೆಸರನ್ನು ಇಲಿ ತಿಂದಿದೆ ಎಂದು ಪೇಟೆಯವರು ಮತ್ತೆ ನಗತೊಡಗಿದರು. ಅವನೂ ನಕ್ಕ. ತಿರುಗಿ ಹೋಗುವಾಗ ಕಣ್ಣು ಮಾತ್ರ ಸಮಾಧಿ ಭೂಮಿಯ ಕಡೆಗೇ ಇರುತ್ತಿತ್ತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, ಸೀಮೆಎಣ್ಣೆಗೂ ಜನ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ, ಕಡು ಬೇಸಗೆಯ ಒಂದು ಬೆಳಿಗ್ಗೆ ಅವನು ಏಳಲಿಲ್ಲ. ಕೇರಿಯಲ್ಲಿ ಹಾರೆ ಹಿಡಿಯುವವರಿರಲಿಲ್ಲ. ಸುದ್ದಿ ಕೇಳಿ ಹೊನ್ನಕ್ಕನ ಮನೆಯ ಗಂಡಸರು, ಅವನ ಬಾವಿಯ ನೀರು ಕುಡಿದ ಅಕ್ಕಪಕ್ಕದ ಒಕ್ಕಲುಗಳು, ಕರೆಯದೆಯೇ ಬಂದರು. ನೆಲ ನೋಡಿದರು. ಕಾದ ಕಬ್ಬಿಣದ ಹಾಗಿತ್ತು. ಸಂಜೆಯಾದರೂ ಮುಗಿಯದು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಅಶ್ವತ್ಥಮ್ಮ ಬಂದಳು. ಈಗ ಮಕ್ಕಳ ತಾಯಿ. ಹೆಂಗಸರು ಮಸಣಕ್ಕೆ ಕಾಲಿಡುವುದು ಅವಳ ಮನೆಯ ಪದ್ಧತಿಯಲ್ಲ, ಆದರೂ ಯಾರೂ ತಡೆಯಲಿಲ್ಲ. ಅವಳು ಒಂದು ಜಾಗದಲ್ಲಿ ನಿಂತು, "ಇಲ್ಲಿ ಆಕಿ," ಅಂದಳು.

ಹಾರೆ ಮೊದಲ ಏಟಿಗೇ ಮೊಳದಷ್ಟು ಇಳಿಯಿತು. ಒಮ್ಮೆ ಒಡೆದು ಮುಚ್ಚಿದ ಗರಸು ಮತ್ತೆ ಕಲ್ಲಾಗುವುದಿಲ್ಲ. ಇಪ್ಪತ್ತು ವರ್ಷ ಕಳೆದರೂ ಅದು ಉತ್ತ ಹೊಲದಷ್ಟೇ ಸಡಿಲವಾಗಿತ್ತು. ಬುಟ್ಟಿಗೆ ಬಂದ ಮಣ್ಣಿನಲ್ಲಿ ಬಿಳಿಯದೊಂದು ಬೆಣಚುಕಲ್ಲು ಕಂಡಾಗ ಅವಳು ಕೈಯೆತ್ತಿದಳು.

"ಸಾಕು, ನಿಲ್ಸಿ. ಅಜ್ಜ ತೋಡಿದ್ದು ಇಷ್ಟೇ."

ಹಾಡು ಹೇಳಿ, ಪ್ರಾರ್ಥನೆ ಮಾಡಿ, ಅವನನ್ನು ಇಳಿಸಿದರು. ಬೆಟ್ಟದ ನೆರಳು ಬಂದು ಮುಟ್ಟಿತು. ಕೇರಿಯವರು ಮಣ್ಣು ಹಾಕಲು ಬಗ್ಗಿದಾಗ ಅಶ್ವತ್ಥಮ್ಮ ಕುಣಿಯ ಅಂಚಿಗೆ ಮಂಡಿಯೂರಿ, ಚಿಕ್ಕಂದಿನಲ್ಲಿ ಕೂಗಿದ ಹಾಗೆಯೇ ಬಾಯಿಟ್ಟು ಕೂಗಿದಳು.

"ಕರುಣವ್ವಾ, ಬಂದವ್ನೆ ನೋಡವ್ವ. ತಡ ಆಗಿದ್ದು ನನ್ನಿಂದ. ಅಜ್ಜನ್ನ ಬೈಬ್ಯಾಡ."