ಹಳದಿ ಹೂವಿನ ಗರುಗ

ಅಪ್ಪನ ಮೊದಲ ವರ್ಷದ ತಿಥಿಯ ದಿನ ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ, ಗರುಗದ ಸೊಪ್ಪು ತರುವುದು. ಪಿಂಡಕ್ಕೆ ಆ ಎಲೆ ಇಟ್ಟು ಪೂಜಿಸುವುದು ನಮ್ಮ ಮನೆಯ ಪದ್ಧತಿ. ಪ್ರತಿ ವರ್ಷ ತಾತನ ತಿಥಿಗೆ ಅಪ್ಪನೇ ಕೆರೆಯ ಕಡೆ ಹೋಗಿ ತರುತ್ತಿದ್ದರು. ಮಿಕ್ಕಿದ್ದೆಲ್ಲ ಈಗ ತಮ್ಮನದು. ಹೆಣ್ಣುಮಗಳು ಎಳ್ಳು ಮುಟ್ಟುವ ಹಾಗಿಲ್ಲ, ನೀರು ಬಿಡುವ ಹಾಗಿಲ್ಲ. ನಾನೇನು ಅಪ್ಪನಿಗೆ ಹುಟ್ಟಿದವಳಲ್ಲವೇ ಎಂದು ಹೊಟ್ಟೆ ಉರಿಯುತ್ತಿತ್ತು. ಸೊಪ್ಪನ್ನಾದರೂ ಸರಿಯಾಗಿ ತರುತ್ತೇನೆ ಎಂದು ಬೆಳಗ್ಗೆಯೇ ಆರ್.ಟಿ. ನಗರದಿಂದ ಹೆಬ್ಬಾಳ ಕೆರೆಗೆ ನಡೆದೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಕೆರೆಯ ಕೆಳಗೆ ಇನ್ನೂ ಗದ್ದೆಗಳಿದ್ದವು. ಬದುವಿನ ಮೇಲೆ ನೋಡಿದರೆ ಹೆಚ್ಚುಕಡಿಮೆ ಒಂದೇ ಥರದ ಒರಟು ಎಲೆಯ ಎರಡು ಗಿಡ! ಒಂದರಲ್ಲಿ ಪುಟ್ಟ ಬಿಳಿ ಹೂವು, ಇನ್ನೊಂದರಲ್ಲಿ ಹಳದಿ. ಬಿ.ಎಸ್ಸಿ.ಗೆ ಸಸ್ಯಶಾಸ್ತ್ರ ಓದುತ್ತಿದ್ದವಳು ನಾನು. ಎರಡೂ ಸೇವಂತಿಗೆಯ ಕುಟುಂಬದವು ಎಂದು ಥಟ್ಟನೆ ಹೇಳಬಲ್ಲೆ. ಪಿತೃಗಳಿಗೆ ಯಾವುದು ಆಗುತ್ತದೆ ಎಂದು ಯಾವ ಲೆಕ್ಚರರೂ ಹೇಳಿಕೊಟ್ಟಿರಲಿಲ್ಲ. ತಲೆ ಕೆಟ್ಟುಹೋಯಿತು. ಬಿಳಿಯದನ್ನು ಕಿತ್ತೆ, ಬಿಸಾಡಿದೆ, ಮತ್ತೆ ಎತ್ತಿಕೊಂಡೆ. ಎರಡನ್ನೂ ಒಯ್ದರೆ ಇಷ್ಟೂ ಗೊತ್ತಿಲ್ಲವೇ ಎನ್ನಿಸಿಕೊಳ್ಳಬೇಕು. ಅಪ್ಪನ ಟವೆಲ್ಲಿಗೆ ಒಮ್ಮೆ ಹಳದಿ ಎಸಳು ಅಂಟಿದ್ದುದು ನೆನಪಾಯಿತು. ಅದು ನಿಜವಾದ ನೆನಪೋ, ಆ ಕ್ಷಣಕ್ಕೆ ನಾನೇ ಹುಟ್ಟಿಸಿಕೊಂಡದ್ದೋ ತಿಳಿಯಲಿಲ್ಲ. ಹಳದಿಯದನ್ನೇ ತಂದೆ.

ಮನೆಯಲ್ಲಿ ಪುರೋಹಿತರು ಹೂವು ನೋಡಿ, "ಬಿಳೀದಲ್ವೇನಮ್ಮಾ ಬೇಕಾಗಿದ್ದು?" ಎಂದರು.

"ಅಣ್ಣ ತರ್ತಿದ್ದಿದ್ದು ಹಳದೀದೇ," ಎಂದರು ಅಪ್ಪನ ತಂಗಿ, ನನ್ನ ಸೋದರತ್ತೆ. ಮರುಗಳಿಗೆಗೆ ಅವರಿಗೇ ಅನುಮಾನ ಬಂತು. "ಬಿಳೀದಿತ್ತೇನೋಪ್ಪ."

ಅಮ್ಮನ ಕಡೆ ನೋಡಿದೆ. "ಹೂವು ನಾನೆಲ್ಲಿ ನೋಡ್ದೆ? ಅವ್ರು ಬರೀ ಎಲೆ ಬಿಡಿಸ್ಕೊಂಡು ತರೋರು," ಎಂದರು ಅಮ್ಮ.

"ಹೊತ್ತಾಯ್ತು, ಈಗ ಮತ್ತೆ ಹೋಗಿ ತರಕ್ಕಾಗಲ್ಲ. ತುಳಸಿ ಇದೆಯಲ್ಲ, ಅದೇ ಸಾಕು. ಇದನ್ನ ಆಚೆ ಇಡಿ," ಎಂದು ಪುರೋಹಿತರು ತಟ್ಟೆ ಸರಿಸಿದರು.

ಅಂದರೆ ಅದಿಲ್ಲದೆಯೂ ನಡೆಯುತ್ತಿತ್ತು! ಹಾಗಾದರೆ ನನ್ನನ್ನು ಕಳಿಸಿದ್ದಾದರೂ ಯಾಕೆ? ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೊರಟೆ.

ಅಪ್ಪ ಹೋದಾಗಿನಿಂದ ಯಾರಿಗೂ ಎದುರಾಡದಿದ್ದ ಅಮ್ಮ ನನ್ನ ಕೈಯಿಂದ ತಟ್ಟೆ ಕಸಿದುಕೊಂಡರು. ಹೂವುಗಳನ್ನು ಚಿವುಟಿ ತೆಗೆದು, ಎಲೆ ತೊಳೆದು ತಮ್ಮನ ಮುಂದಿಟ್ಟರು.

"ಸರೀನೋ ತಪ್ಪೋ ನಂಗೊತ್ತಿಲ್ಲ ಶಾಸ್ತ್ರಿಗಳೇ. ಅವ್ರ ಮಗಳು ತಂದಿದಾಳೆ. ಹಾಕ್ಸಿ."

ಪುರೋಹಿತರು ಮಂತ್ರ ಮುಂದುವರಿಸಿದರು. ತಮ್ಮ ಒಂದೊಂದೇ ಎಲೆ ಇಟ್ಟ. ಅದು ಗರುಗವೋ ಅಲ್ಲವೋ, ಆಮೇಲೆ ಯಾರ್‍ಯಾರನ್ನೋ ಕೇಳಿದೆ, ಒಬ್ಬೊಬ್ಬರು ಒಂದೊಂದು ಹೇಳಿದರು. ಅಪ್ಪನಿಗೆ ಮುಟ್ಟಿತೋ ಇಲ್ಲವೋ ಎಂದು ಮಾತ್ರ ನಾನು ಯಾರನ್ನೂ ಕೇಳಲಿಲ್ಲ.